ಒಂದು ದಾರಿಯಾಗೈತಿ

ಎಳ್ಳಮಾಸಿ ಕಳೆದು ಒಂಬತ್ತು ದಿನವಾಗಿತ್ತು. ತೆಲುಗು ಸೀಮೆಯ ಗಡಿಯಲ್ಲಿ, ನಾರ್ವದ ಕಡೆಯ ಗದ್ದೆಗಳಲ್ಲಿ ಭತ್ತ ಕೊಯ್ದು ಕೂಳೆ ಮಾತ್ರ ಉಳಿದಿತ್ತು. ಎರೆಹೊಲದಲ್ಲಿ ಜೋಳ ತೆನೆ ಹಿಡಿದು ನಿಂತಿತ್ತು. ನರಸಿಂಹುಲುವಿನ ಗದ್ದೆಯಲ್ಲಿ ಗೊಬ್ಬರಕ್ಕೆಂದು ಆಶಪ್ಪನ ಕುರಿಗಳು ತಂಗಿ ಇದು ಮೂರನೆಯ ದಿನ. ಇಬ್ಬನಿ ಆರುವ ಮೊದಲೇ ಅವನು ಕುರಿಗಳ ಸುತ್ತ ಕಟ್ಟಿದ ಬಲೆಯ ಗೂಟಗಳನ್ನು ಕಿತ್ತು, ಇನ್ನೂ ಹಿಕ್ಕೆ ಬೀಳದ ಮೂಲೆಯಲ್ಲಿ ಹೊಸದಾಗಿ ಹುಗಿಯುತ್ತಿದ್ದ. ಮರಿಗಳು ಅವನ ಕಂಬಳಿಯ ಅಂಚನ್ನು ಜಗ್ಗುತ್ತಿದ್ದವು.

ಗೂಟ ಹುಗಿದು ಮುಗಿದ ಮೇಲೆ ಬಲೆಯ ಒಂದು ಕಡೆ ಸಂದು ಬಿಟ್ಟು, ಎರಡು ಮೊಣಕಾಲಿನ ನಡುವೆ ಒಂದೊಂದೇ ಕುರಿ ತೂರಿಸಿ ಎಣಿಸಿದ. ನೂರಾ ಹದಿಮೂರು.

"ಒಂದು ದಾರಿಯಾಗೈತಿ" ಎಂದ.

ದೀಪಾವಳಿ ಆದ ಹದಿನೈದು ದಿನಕ್ಕೆ ಮಕ್ತಲ್ ರೈಲು ಹಳಿಯ ಹತ್ತಿರ ಒಂದು ಕರಿಕಿವಿಯ ಕುರಿ ತಪ್ಪಿಸಿಕೊಂಡಿತ್ತು. ಅದು ಬರುವುದಿಲ್ಲ ಎಂದು ಅವನಿಗೂ ಗೊತ್ತು. ಆದರೆ ತಪ್ಪಿದ ಕುರಿಯನ್ನು ಮುಂದಿನ ದೀಪಾವಳಿಯಲ್ಲಿ ಬೀರಪ್ಪನ ಮುಂದೆ ಹಟ್ಟಿ ಪೂಜೆ ಆಗುವ ತನಕ ಲೆಕ್ಕದಿಂದ ಇಳಿಸುವಂತಿಲ್ಲ. ಅವನ ಅಪ್ಪನೂ ಹಾಗೇ ಎಣಿಸುತ್ತಿದ್ದ, ಅಪ್ಪನ ಅಪ್ಪನೂ. ಇದ್ದಷ್ಟು ಎಣಿಸಬೇಕು, ಕೊನೆಗೆ ದಾರಿಯಲ್ಲಿದ್ದುದನ್ನೂ ಹೇಳಬೇಕು.

ಬಿಸಿಲು ಏರುವ ಹೊತ್ತಿಗೆ ಹೆಂಡತಿ ಹುಸೇನಮ್ಮ ರೊಟ್ಟಿ ಗಂಟು ತಂದಳು. ಗಂಟಿನ ಜೊತೆ ಕಂಕುಳಲ್ಲಿ ಕಂದು ಕಾಗದದ ಒಂದು ಪೊಟ್ಟಣವಿತ್ತು. ಅದನ್ನು ಕೈಗೆ ಕೊಡಲಿಲ್ಲ, ಬದುವಿನ ಮೇಲಿಟ್ಟಳು.

"ಟಪಾಲಿನಾವ ಕೊಟ್ಟ. ಬ್ಯಾಡ ಅಂದ್ರ, 'ನೀ ಕೂತುರಿ ಪೇರು ಉಂದಮ್ಮಾ, ತೀಸ್ಕೋ' ಅಂದ. ಮಗಳ ಹೆಸರೈತಿ, ತಗೋ ಅಂತ. ಅವಗೇನು ಗೊತ್ತು, ಹೊಸಬ."

ಆಶಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ರಜಿತಾ ತೀರಿಹೋಗಿ ನಾಲ್ಕು ತಿಂಗಳಾಗಿತ್ತು.

ಪೊಟ್ಟಣದಲ್ಲಿ ಏನಿದೆಯೆಂದು ಇಬ್ಬರಿಗೂ ತಿಳಿದಿತ್ತು. ಕನ್ನಡ ಶಾಲೆಯ ಏಳನೇ ತರಗತಿಯಲ್ಲಿದ್ದ ಮಗಳು 'ಮುಗಿಲದೋಣಿ' ಎಂಬ ಮಕ್ಕಳ ಪುಸ್ತಕಗಳ ಹಿಂದೆ ಬಿದ್ದಿದ್ದಳು. ಆಕಾಶಕ್ಕೆ ಹಾರುವ ಒಂದು ದೋಣಿ, ಅದರಲ್ಲಿ ಕುಳಿತು ಬೇರೆ ಬೇರೆ ಗ್ರಹಕ್ಕೆ ಹೋಗಿ ಬರುವ ಮಕ್ಕಳು. ಝಾನ್ಸಿ ಟೀಚರು ರಾಯಚೂರಿನಿಂದ ತಮ್ಮ ಸ್ವಂತ ದುಡ್ಡಿನಲ್ಲಿ ಐದು ಪುಸ್ತಕ ತಂದಿದ್ದರು. ಕುರಿಗಳ ಹಿಂದೆ ಊರೂರು ತಿರುಗುವ ಅಪ್ಪನಿಗೆ ರಜಿತಾ ಸಂಜೆಯಾದ ಮೇಲೆ ಅವ್ವನ ಫೋನಿನಿಂದ ಫೋನು ಮಾಡಿ ದಿನಕ್ಕೆ ಎರಡು ಪುಟ ಓದುತ್ತಿದ್ದಳು. ಆಶಪ್ಪ ಫೋನನ್ನು ರುಮಾಲಿನ ಮಡಿಕೆಯೊಳಗೆ ಕಿವಿಗೆ ಸೇರಿಸಿಕೊಂಡು, ಬಲೆಯ ಸುತ್ತ ತಿರುಗುತ್ತ ಕೇಳುತ್ತಿದ್ದ.

ಪ್ರತಿ ಪುಸ್ತಕದ ಕೊನೆಗೆ 'ಓದುಗರ ಅಭಿಪ್ರಾಯ' ಎಂದು ಎರಡು ಪುಟ. ಧಾರವಾಡದ ಹುಡುಗ, ಮೈಸೂರಿನ ಹುಡುಗಿ, ಎಲ್ಲೆಲ್ಲಿಯವರೋ ಬರೆದದ್ದು. ರಜಿತಾ ಅದನ್ನೂ ಬಿಡದೆ ಓದುತ್ತಿದ್ದಳು. ಐದನೆಯ ಪುಸ್ತಕ ಮುಗಿದ ದಿನ ಆಶಪ್ಪ ಮಗಳನ್ನು ಕೇಳಿದ್ದ.

"ಅವ್ವಾ, ಹೋಗೂವಾಗ ಏಳು ಮಂದಿ ಹತ್ತಿದ್ರಲ್ಲ?"

"ಹೌದಪಾ."

"ಇಳಿಯೂವಾಗ ಹೆಸರ ಓದಿದೆಲ್ಲ, ಆರಾದ್ವು. ಆ ನೀರು ಕೇಳಿದ ಹುಡುಗಿ ಎಲ್ಲಿ? ತುಂಗಿ?"

ರಜಿತಾ ಹಾಳೆ ತಿರುವಿ ನೋಡಿದಳು. ತುಂಗಿ ಈ ಪುಸ್ತಕದಲ್ಲಿ ಮೊದಲ ಬಾರಿ ಬಂದಿದ್ದ ಸಣ್ಣ ಹುಡುಗಿ. ದೋಣಿ ಹತ್ತುವಾಗ 'ಮೇಲೆ ನೀರು ಸಿಗುತ್ತದೆಯೇ?' ಎಂದು ಕೇಳಿದ್ದಳು. ಆಮೇಲೆ ಎಲ್ಲೂ ಇಲ್ಲ. ಧೂಳುಬಿರುಗಾಳಿಯ ಗ್ರಹದಿಂದ ಆರೇ ಮಂದಿ ಹೊರಟಿದ್ದರು.

"ಊರ ಮಂದಿಯೆಲ್ಲ ಚಂದೈತಿ ಚಂದೈತಿ ಅಂತ ಬರದಾರ" ಎಂದು ಆಶಪ್ಪ ನಕ್ಕಿದ್ದ. "ಒಬ್ಬರಾದ್ರೂ ಎಣಿಸಿಲ್ಲ ನೋಡು. ಕುರಿ ಕಾಯಾಕ ಇಟ್ರ ಹಟ್ಟೀನೇ ಖಾಲಿ ಮಾಡ್ತಾರ."

ಮಗಳು ಮರುದಿನವೇ ಒಂದು ಕಾರ್ಡು ಬರೆದಳು. ವಿಳಾಸವನ್ನು ಝಾನ್ಸಿ ಟೀಚರು ಬರೆದುಕೊಟ್ಟರು. ಅಭಿಪ್ರಾಯ ಅಚ್ಚಾದವರಿಗೆ ಮುಂದಿನ ಪುಸ್ತಕ ಟಪಾಲಿನಲ್ಲಿ ಮನೆಗೇ ಬರುತ್ತದೆ ಎಂದರು. ಅದಾಗಿ ಒಂದೂವರೆ ತಿಂಗಳಿಗೆ ಜ್ವರ ಬಂತು. ಮೊದಲು ಊರಿನ ಸೂಜಿ, ಆಮೇಲೆ ಮಕ್ತಲ್, ಆಮೇಲೆ ದೊಡ್ಡ ಆಸ್ಪತ್ರೆ. ಅಲ್ಲಿ ಮೂಗಿಗೆ ನಳಿಕೆ ಹಾಕಿದ್ದರು. ನಳಿಕೆಯ ಅಡಿಯಿಂದ ಅವಳು ಕೇಳಿದಳು.

"ತುಂಗಿ ಬಂದಳೇನಪಾ? ಪುಸ್ತಕ ಬಂತೇನು?"

"ಬರತೈತಿ. ಬಂದಕೂಡ್ಲೆ ಓದಿಸಿ, ನಾನೇ ಬಂದು ನಿನಗ ಹೇಳ್ತೀನಿ."

"ಖರೇನ?"

"ಬೀರಪ್ಪನಾಣಿ."

ಆ ಮಾತು ಆಶಪ್ಪನ ಮೇಲೆ ಉಳಿದಿತ್ತು.

ಗಂಡಹೆಂಡತಿಯ ನಡುವೆ ಇನ್ನೊಂದೂ ಉಳಿದಿತ್ತು. ದಸರೆಯ ಮುಂದೆ ಮನೆಮನೆಯ ಲೆಕ್ಕ ಬರೆಯುವ ಹುಡುಗಿ ಬಂದಾಗ, ಎಷ್ಟು ಮಕ್ಕಳು ಎಂದು ಕೇಳಿದಳು. ಹುಸೇನಮ್ಮ ಎರಡು ಎಂದಳು. ಅಂಗಳದಲ್ಲಿ ಉಣ್ಣೆ ಕತ್ತರಿಸುತ್ತಿದ್ದ ಆಶಪ್ಪ ಮೂರು ಎಂದ. ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. "ಎರಡು ಬರಕೋರಿ ಮೇಡಂ. ಲಕ್ಷ್ಮಣ, ರಜಿನಿ. ಅವರಿಗೆ ಹೇಳಾಕ ಬರಂಗಿಲ್ಲ" ಎಂದು ಹುಸೇನಮ್ಮ ಒಳಗೆ ಹೋಗಿದ್ದಳು. ಅಂದಿನಿಂದ ಇಬ್ಬರ ನಡುವೆ ರೊಟ್ಟಿ, ಕುರಿ, ಮಳೆ ಬಿಟ್ಟು ಬೇರೆ ಮಾತಿರಲಿಲ್ಲ.

ಈಗಲೂ ಅವಳು ಪೊಟ್ಟಣವನ್ನು ನೋಡದೆ ಹೇಳಿದಳು: "ಓದಾಕ ಯಾರದಾರ? ಒಲಿಗೆ ಹಾಕು, ಇಲ್ಲಾ ಸಾಲಿಗೆ ಕೊಡು."

ಮನೆಯಲ್ಲಿ ಓದುವವರು ನಿಜಕ್ಕೂ ಇರಲಿಲ್ಲ. ಉಳಿದಿಬ್ಬರು ಮಕ್ಕಳು ಹಾಸ್ಟೆಲ್ಲಿನಲ್ಲಿದ್ದು ತೆಲುಗು ಶಾಲೆಗೆ ಹೋಗುತ್ತಿದ್ದರು. ರಜಿತಾ ಇಲ್ಲದ ಕನ್ನಡ ಶಾಲೆಯ ಬಾಗಿಲಿಗೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಮರುದಿನ ಆಶಪ್ಪ ಮಕ್ತಲ್‌ಗೆ ಹೋಗಿ, ಜೆರಾಕ್ಸ್ ಅಂಗಡಿಯ ಶೇಖರನ ಮುಂದೆ ಪುಸ್ತಕ ಇಟ್ಟ.

"ಮಾತಾಡಾಕ ಬರತೈತಿ ಮಾವಾ, ಓದಾಕಲ್ಲ" ಎಂದ ಶೇಖರ್. "ಅಕ್ಷರ ನಮ್ಮ ತೆಲುಗಿನಂಗೇ ಅದಾವು, ತಡಿ." ಬೆರಳಿಟ್ಟು ಶುರುಮಾಡಿದ. "ಮು… ಗಿ… ಲ… ದೋ…"

ಒಂದು ಸಾಲು ಮುಗಿಯುವ ಹೊತ್ತಿಗೆ ಮೂರು ಮಂದಿ ಆಧಾರ್ ಜೆರಾಕ್ಸಿಗೆ ಬಂದು ನಿಂತಿದ್ದರು.

"ನೀ ಇದನ್ನ ಓದಿ ಮುಗಿಸೂದ್ರಾಗ ನನ್ನ ಕುರಿ ಕೋಸಗಿತನ ಮೇದು ತಿರುಗಿ ಬರ್ತಾವು."

"ಹಂಗಾರ ಫೋನಿಂದ ಓದಿಸ್ತೀನಿ." ಶೇಖರ್ ಫೋನನ್ನು ಹಾಳೆಯ ಮೇಲೆ ಹಿಡಿದ. ಒಬ್ಬ ಹೆಂಗಸಿನ ದನಿ ಎಲ್ಲೂ ಉಸಿರು ತೆಗೆದುಕೊಳ್ಳದೆ ಓದತೊಡಗಿತು. ಆಶಪ್ಪ ಎರಡು ನಿಮಿಷ ಕೇಳಿ ಕೈ ಅಡ್ಡ ಹಿಡಿದ.

"ಸಾಕು ತಮ್ಮಾ. ಇಕಿಗೆ ಯಾರು ಹತ್ತಿದ್ರು, ಯಾರು ಇಳದ್ರು ಅನ್ನೋದು ಬೇಕಾಗಿಲ್ಲ."

ಝಾನ್ಸಿ ಟೀಚರಿಗೆ ಕೆ.ಟಿ. ದೊಡ್ಡಿಯ ಕಡೆಯ ಶಾಲೆಗೆ ವರ್ಗವಾಗಿತ್ತು. ಮನೆ ಗದ್ವಾಲದಲ್ಲಿ ಮಾಡಿದ್ದರು. ಭಾನುವಾರ ಕುರಿಗಳನ್ನು ಹುಸೇನಮ್ಮನಿಗೆ ಒಪ್ಪಿಸಿ ಆಶಪ್ಪ ಬಸ್ಸು ಹತ್ತಿದ. ಜೂರಾಲದ ಅಣೆಕಟ್ಟೆ ದಾಟುವಾಗ ಹೊಳೆ ತುಂಬ ನೀರಿತ್ತು. ತುಂಗಿ ನೀರು ಕೇಳಿದ್ದು ಅವನಿಗೆ ನೆನಪಾಯಿತು.

ಟೀಚರ ಮನೆ ನೇಕಾರರ ಓಣಿಯಲ್ಲಿ, ಮಹಡಿಯ ಮೇಲೆ. ಕೆಳಗೆ ಮಗ್ಗದ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಟೀಚರು ಅವನನ್ನು ನೋಡಿ ಬಾಗಿಲಲ್ಲೇ ನಿಂತರು. ರಜಿತಾ ಸತ್ತಾಗ ತಮಗೆ ಬರಲಾಗಲಿಲ್ಲ ಎಂದು ಹೇಳಲು ಹೊರಟರು, ಅರ್ಧಕ್ಕೇ ನಿಲ್ಲಿಸಿದರು.

"ಅದಿರಲಿ ಬಿಡ್ರಿ. ಇದನ್ನ ಓದ್ರಿ" ಎಂದ ಆಶಪ್ಪ.

ಚಹಾ ಆರಿ ಕೆನೆ ಕಟ್ಟಿತು. ಟೀಚರು ಓದಿದರು. ಆಶಪ್ಪ ನೆಲದ ಮೇಲೆ ಕುಳಿತು, ದೋಣಿ ಹತ್ತಿದವರ ಹೆಸರು ಬಂದಾಗಲೆಲ್ಲ ಒಂದು ಬೆರಳು ಮಡಿಸಿದ. ಆರು. ಮಂಜಿನ ಗ್ರಹ ಬಂತು, ಅಲ್ಲಿಂದ ಹೊರಟರು, ಮತ್ತೆ ಆರು. ಯಾರೂ ಯಾರನ್ನೂ ಹುಡುಕಲಿಲ್ಲ. ಏಳನೆಯ ಬೆರಳು ನೆಟ್ಟಗೆ ಹಾಗೇ ಇತ್ತು.

ಕೊನೆಗೆ ಅಭಿಪ್ರಾಯದ ಪುಟ. ಟೀಚರು ತಡೆದು, ಮೆಲ್ಲಗೆ ಓದಿದರು.

"'ಮಾನ್ಯರೇ, ಪುಸ್ತಕ ಚೆನ್ನಾಗಿದೆ. ಆದರೆ ಹೋಗುವಾಗ ಏಳು ಮಂದಿ ಇದ್ದರು, ಬರುವಾಗ ಆರು ಮಂದಿ. ತುಂಗಿ ಇಳಿಯಲಿಲ್ಲ. ನಮ್ಮ ಅಪ್ಪ ಕುರಿ ಕಾಯುತ್ತಾರೆ. ಅವರು ಫೋನಿನಲ್ಲಿ ಕೇಳಿ ಎಣಿಸಿದರು. ನಮ್ಮಲ್ಲಿ ಒಂದು ಕುರಿ ಬರದಿದ್ದರೆ ಹುಡುಕಲು ಹೋಗುತ್ತಾರೆ. ಮುಂದಿನ ಪುಸ್ತಕದಲ್ಲಿ ದೋಣಿ ತಿರುಗಿಸಿಕೊಂಡು ಹೋಗಿ ಅವಳನ್ನು ಕರೆತನ್ನಿ. ಬೇಗ ಹೋಗಿ. ಅಲ್ಲಿ ಉಸಿರಾಡುವ ಗಾಳಿ ಕಡಿಮೆ ಎಂದು ನೀವೇ ಬರೆದಿದ್ದೀರಿ.'"

ಟೀಚರು ಪುಸ್ತಕ ಮುಚ್ಚಿದರು. ಕೆಳಗಿನ ಮಗ್ಗವೂ ಅದೇ ಹೊತ್ತಿಗೆ ನಿಂತಿತು. ಯಾರೋ ಎಳೆ ಕಟ್ಟುತ್ತಿರಬೇಕು.

"ಅಷ್ಟ ಏನ್ರಿ?"

"ಅಷ್ಟೇ ಆಶಪ್ಪ. ಎಷ್ಟು ಚಂದ ಬರದಾಳ."

"ಅಕಿ ಬರದದ್ದರ ಕೆಳಗ ಸಣ್ಣಕ್ಷರದಾಗ ಏನೋ ಐತಲ್ರಿ. ನನಗ ಓದಾಕ ಬರಂಗಿಲ್ಲ, ಕಣ್ಣು ಕಾಣತಾವು."

ಟೀಚರು ಪುಸ್ತಕ ತೆರೆದರು. ದನಿ ಮೊದಲಿನಂತಿರಲಿಲ್ಲ.

"'ಪುಟಾಣಿ ಓದುಗಿಯ ಸೂಕ್ಷ್ಮ ದೃಷ್ಟಿಗೆ ಅಭಿನಂದನೆಗಳು. ತುಂಗಿ ಎಂಬ ಪಾತ್ರವನ್ನು ಲೇಖಕರು ಮೊದಲೇ ಕೈಬಿಟ್ಟಿದ್ದರು. ಹಳೆಯ ಕರಡಿನ ಒಂದೆರಡು ಸಾಲು ಕಣ್ತಪ್ಪಿನಿಂದ ಉಳಿದುಕೊಂಡಿವೆ. ದೋಣಿಯಲ್ಲಿ ಇದ್ದವರು ಆರೇ ಮಂದಿ. ಮುಂದಿನ ಮುದ್ರಣದಲ್ಲಿ ತುಂಗಿಯನ್ನು ತೆಗೆದುಹಾಕಿ ಸರಿಪಡಿಸುತ್ತೇವೆ. ಸಂಪಾದಕರು.'"

ಆಶಪ್ಪ ಆ ಸಣ್ಣಕ್ಷರಗಳ ಮೇಲೆ ಬೆರಳಿಟ್ಟ.

"ತೆಗೀತಾರಂತ?"

"ಹೂಂ."

"ಹತ್ತಿದ್ದೇ ಇಲ್ಲ ಅಂತಾರೇನ್ರಿ?"

"ಪುಸ್ತಕದೊಳಗ ಹಂಗ ಆಗತೈತಿ ಆಶಪ್ಪ. ಯಾರ ತಪ್ಪೂ ಅಲ್ಲ."

"ಲೆಕ್ಕ ಕೂಡಲಿಲ್ಲ ಅಂದ್ರ ಹುಡುಕಬೇಕ್ರಿ. ಹೋದದ್ದನ್ನ ಇದ್ದೇ ಇಲ್ಲ ಅಂದ್ರ ಯಾರ ಲೆಕ್ಕನೂ ಕೂಡತೈತಿ. ನಾನೂ ನೂರಾ ಹದಿಮೂರು ಅಂದು ಬಾಯಿ ಮುಚ್ಚಿಕೊಂಡ್ರ ಆತಲ್ಲ." ಅವನು ಕಂಬಳಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದ. "ಒಂದು ಕಾರ್ಡು ಬರೀರಿ."

ಕಾರ್ಡು ಸಿಕ್ಕಿತು. ಅವನು ಹೇಳಿದ, ಟೀಚರು ಬರೆದರು.

"ತುಂಗಿ ಹತ್ತಿದ್ದು ನಾವು ಕೇಳೀವಿ. ತೆಗೀಬ್ಯಾಡ್ರಿ. ಕರಕೊಂಡು ಬರಾಕ ನಿಮಗ ಆಗದಿದ್ರ ಬಿಡ್ರಿ. 'ಆರು ಮಂದಿ ಬಂದ್ರು, ಒಬ್ಬಾಕಿ ದಾರಿಯಾಗದಾಳ' ಅಂತ ಒಂದು ಸಾಲು ಹಾಕ್ರಿ. ಇಷ್ಟೇ ನಮ್ಮ ಅಭಿಪ್ರಾಯ."

ಟೀಚರು ಬರೆದು ತಲೆ ಎತ್ತಿದರು. "ರಜಿತಾ ಈಗ ಇಲ್ಲ ಅಂತ ತಿಳಿಸ್ಲೇನು? ಓದಿದ್ರ ಅವರ ಮನಸು ಕರಗೀತು."

"ಬ್ಯಾಡ್ರಿ" ಎಂದ ಆಶಪ್ಪ ಥಟ್ಟನೆ. "ಬರದ್ರ ನಮ್ಮಾಕಿನ್ನೂ ತೆಗೀತಾರ."

ಕೆಳಗೆ ರುಜುವಿನ ಜಾಗದಲ್ಲಿ 'ರಜಿತಾಳ ಅಪ್ಪ' ಎಂದು ಬರೆಸಿದ. ಬಸ್‌ಸ್ಟ್ಯಾಂಡಿನ ಕೆಂಪು ಡಬ್ಬಿಗೆ ತಾನೇ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ಬೆರಳು ತೂರಿಸಿ ನೋಡಿದ.

ಅವನು ಗದ್ದೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಹುಸೇನಮ್ಮ ಬಲೆಯ ಸಂದಿಯಲ್ಲಿ ಸೀರೆ ಎತ್ತಿ ಕಟ್ಟಿ ನಿಂತು ಕುರಿ ಎಣಿಸಿ ಒಳಗೆ ಬಿಡುತ್ತಿದ್ದಳು. ಕೊನೆಯ ಮರಿಯನ್ನು ನೂಕಿ, "ನೂರಾ ಹದಿಮೂರು" ಎಂದಳು. ಅವನು ಬಾಯಿ ತೆರೆಯುವ ಮೊದಲೇ ಇನ್ನೊಂದು ಮಾತು ಅವಳಿಂದ ಬಂತು.

"ಆ ಹುಡುಗಿ ಬಂದಳೇನು?"

"ಯಾವಾಕಿ?"

"ಅದ, ತುಂಗಿ. ಮನ್ಯಾಗ ಅಕಿ ಓದೂವಾಗ ನಾ ಏನು ಕಿವುಡಿ ಇದ್ನೇನು? ರೊಟ್ಟಿ ಬಡಿಯೋ ಸಪ್ಪಳಕ ನಿನಗ ಕೇಳಸಂಗಿಲ್ಲ ಅಂತ ಕೈ ನಿಲ್ಲಿಸಿ ಕೂಡ್ತಿದ್ದೆ."

ಆಶಪ್ಪ ಬಲೆಯ ಹಗ್ಗ ಹಿಡಿದು ನಿಂತ. ಗದ್ವಾಲದಿಂದ ಬರುವಾಗ ಬಸ್ಸಿನಲ್ಲಿ ಮಗಳಿಗೆ ಹೇಳಬೇಕಾದ ಮಾತನ್ನು ಹತ್ತು ಸಲ ಹೊಂದಿಸಿ ನೋಡಿದ್ದ. ಒಂದೂ ಹೊಂದಿರಲಿಲ್ಲ.

"ದಾರಿಯಾಗದಾಳ" ಎಂದ.

ಹುಸೇನಮ್ಮ ಸಂದು ಮುಚ್ಚಿ ಗಂಟು ಹಾಕಿದಳು. ಗಂಟು ಬಿಗಿಯಾಗಲಿಲ್ಲ. ಬಿಚ್ಚಿ ಮತ್ತೆ ಹಾಕಿದಳು.

"ಅಕಿಗೆ ಹೇಳಾಕ ಹೋಗಬೇಕಲ್ಲ" ಎಂದಳು ಕೊನೆಗೆ. "ಆಣಿ ಮಾಡಿದ್ದಿ."

"ಏನಂತ ಹೇಳ್ಲಿ?"

ಅವಳು ಬಲೆಯ ಗೂಟವನ್ನು ಕಲ್ಲಿನಿಂದ ಇನ್ನೊಮ್ಮೆ ಬಡಿದಳು.

ರಜಿತಾಳನ್ನು ಮಣ್ಣು ಮಾಡಿದ ಜಾಗ ಊರಹೊರಗಿನ ಬೇವಿನ ಗಿಡದ ಕೆಳಗಿತ್ತು. ಅದಾದ ನಾಲ್ಕನೆಯ ದಿನ ನರಸಿಂಹುಲುವಿನ ಗದ್ದೆ ಮುಗಿದು ಕುರಿ ಬೇರೆ ಕಡೆಗೆ ಎಬ್ಬಿಸಿದಾಗ ಹತ್ತಿರದ ದಾರಿ ಅದರ ಪಕ್ಕದಲ್ಲೇ ಹೋಗುತ್ತಿತ್ತು. ಆಶಪ್ಪ ಗಿಡ ಕಾಣುವ ತನಕ ನಡೆದ. ಅಲ್ಲಿ ನಿಂತು ಒಮ್ಮೆ ಕಂಬಳಿ ಸರಿಮಾಡಿಕೊಂಡ. ಮಗಳಿಗೆ ಹೇಳುವ ಮಾತು ಇನ್ನೂ ಹೊಂದಿರಲಿಲ್ಲ. ಆಮೇಲೆ ಕೋಲು ಅಡ್ಡ ಹಿಡಿದು ಕುರಿಗಳನ್ನು ಎಡಕ್ಕೆ ತಿರುಗಿಸಿ, ಜೋಳದ ಹೊಲಗಳನ್ನೆಲ್ಲ ಸುತ್ತಿ ಒಂದು ಮೈಲಿ ಹೆಚ್ಚು ನಡೆಸಿದ. ಹುಸೇನಮ್ಮ ಹಿಂದೆ ಮರಿಗಳನ್ನು ಎತ್ತಿಕೊಂಡು ಬರುತ್ತಿದ್ದಳು. ಗಿಡದ ಕಡೆಗೆ ಒಮ್ಮೆ ನೋಡಿ, ಅವಳೂ ಎಡಕ್ಕೆ ತಿರುಗಿದಳು.