ಸೋರದ ಬೂಟಿನ ತೇಪೆ

ಹಡಗಿನಲ್ಲಿ ಎಲ್ಲರೂ ಅವಳನ್ನು ಹದ್ದುಗಣ್ಣಿ ಎಂದೇ ಕರೆಯುತ್ತಿದ್ದರು. ಸಮುದ್ರದೊಳಗೆ ಮುಳುಗಿರುವ ಬೆಟ್ಟಗಳ ಮೇಲೆ ಯಂತ್ರವೊಂದನ್ನು ಇಳಿಸಿ, ಅದರ ಕ್ಯಾಮೆರಾ ಕಳಿಸುವ ಚಿತ್ರ ನೋಡುತ್ತ ಅಲ್ಲಿ ಯಾವ ಯಾವ ಜೀವ ಬದುಕಿದೆ ಎಂದು ಗುರುತು ಹಾಕುವುದು ಅವಳ ಕೆಲಸ. ಕಿಟಕಿಯೇ ಇಲ್ಲದ ಕೋಣೆ, ಗೋಡೆ ತುಂಬ ಪರದೆ, ಮೈ ಕೊರೆಯುವ ಏಸಿ. ಹವಳ ಕಂಡರೆ ಒಂದು ಗುಂಡಿ, ಸ್ಪಂಜು ಕಂಡರೆ ಇನ್ನೊಂದು, ಮನುಷ್ಯರು ಬಿಸಾಡಿದ್ದು ಏನಾದರೂ ಕಂಡರೆ ಮೂಲೆಯ ಬೂದು ಗುಂಡಿ. ಆ ಗುಂಡಿಯ ಹೆಸರೇ ಕಸ. ಉಳಿದವರು ಟೀ ನೆಪ ಹೇಳಿ ಆಗಾಗ ಎದ್ದು ಹೋದರೆ ಇವಳು ಜಪ್ಪಯ್ಯ ಎಂದರೂ ಕುರ್ಚಿ ಬಿಡುತ್ತಿರಲಿಲ್ಲ. ಕೆಲಸದ ಮೇಲಿನ ಪ್ರೀತಿ ಅಂದರೆ ಇದು ಎಂದು ಮುಖ್ಯಸ್ಥೆ ಮೇಡಂ ಎಲ್ಲರೆದುರು ಹೊಗಳಿದ್ದರು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಅವಳು ಹುಡುಕುತ್ತಿದ್ದದ್ದು ತಮ್ಮನನ್ನು.

ತಮ್ಮ ಮೀನಿನ ಹಡಗಿನಲ್ಲಿದ್ದ. ಮುಳುಗಿದ ಬೆಟ್ಟಗಳ ನೆತ್ತಿಯ ಮೇಲೆ ದೊಡ್ಡ ಮೀನುಗಳು ಹಿಂಡುಗಟ್ಟುತ್ತವೆ. ಅಲ್ಲಿಗೆ ಕಬ್ಬಿಣದ ಗುಂಡು ಕಟ್ಟಿದ ಬಲೆ ಇಳಿಸಿ ನೆಲಕ್ಕೆ ತಾಗಿಸಿ ಎಳೆಯುವುದು ಅವರ ಕಸುಬು. ಮೀನಿನ ಜೊತೆ ಮುರಿದ ಹವಳದ ಕೊಂಬೆಗಳೂ ರಾಶಿ ರಾಶಿ ಮೇಲೆ ಬರುತ್ತಿದ್ದವು, ಅವನ್ನು ಸಲಿಕೆಯಲ್ಲಿ ಬಾಚಿ ವಾಪಸ್ ನೀರಿಗೆ ಸುರಿಯುತ್ತಿದ್ದರು. "ನೂರಾರು ವರ್ಷ ಬೆಳೆದಿದ್ದಂತೆ ಕಣೇ ಅಕ್ಕ, ನಾವು ಒಂದು ಸಲ ಎಳೆದರೆ ಪುಡಿಪುಡಿ" ಎಂದು ಒಮ್ಮೆ ಒಂದು ತುಂಡು ತಂದು ಕಿಟಕಿಯಲ್ಲಿ ಇಟ್ಟಿದ್ದ. ಆ ತುಂಡು ಸಿಕ್ಕ ಬೆಟ್ಟದಲ್ಲೇ ಒಂಬತ್ತು ವರ್ಷದ ಹಿಂದೆ ಬಲೆ ಬಂಡೆಗೆ ಸಿಕ್ಕಿ ಹಡಗೇ ಮಗುಚಿತು. ಒಬ್ಬರೂ ಸಿಗಲಿಲ್ಲ.

ಹೊರಡುವ ಹಿಂದಿನ ಸಂಜೆ ಅವನ ರಬ್ಬರ್ ಬೂಟು ಸೋರುತ್ತದೆಂದು ಅವಳು ತೇಪೆ ಹಾಕಲು ಕೂತಿದ್ದಳು. ಅಮ್ಮನ ಹರಿದ ಬಿಸಿನೀರಿನ ಚೀಲದಿಂದ ಗೀರುಗೀರಾದ ಕೆಂಪು ರಬ್ಬರ್ ಕತ್ತರಿಸಿ, ಸೈಕಲ್ ಪಂಕ್ಚರಿನ ಅಂಟು ಬಳಿದು, ಹಿಮ್ಮಡಿಯ ಮೇಲೆ ಒತ್ತಿದಳು. ಕತ್ತರಿ ಜಾರಿ ಒಂದು ಮೂಲೆ ಸೊಟ್ಟಗಾಯಿತು. ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು ಬೂಟು ಹಾಕಿಕೊಳ್ಳುವಾಗ ಗೊತ್ತಾಯಿತು, ಸೋರುತ್ತಿದ್ದದ್ದು ಬಲಗಾಲಿನದು, ತೇಪೆ ಬಿದ್ದದ್ದು ಎಡಗಾಲಿನದಕ್ಕೆ. ಎರಡನ್ನೂ ಬೋರಲು ಹಾಕಿಕೊಂಡು ಕೂತದ್ದರಿಂದ ಆದ ಎಡವಟ್ಟು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಚೆನ್ನಾಗಿರೋದಕ್ಕೆ ಔಷಧಿ ಹಾಕಿದ್ದೀಯಲ್ಲೇ, ಎಂಥ ಡಾಕ್ಟರಮ್ಮ ನೀನು" ಎಂದ ತಮ್ಮ.

"ಬಂದ ಮೇಲೆ ಅದಕ್ಕೂ ಹಾಕಿಕೊಡ್ತೀನಿ, ಹೋಗೋ."

"ಆಯ್ತು, ಒದ್ದೆ ಕಾಲಲ್ಲೇ ಬರ್ತೀನಿ. ಬಾಗಿಲು ಹಾಕ್ಕೊಂಡು ಮಲಗಿಬಿಡಬೇಡ ಮತ್ತೆ."

ಅಂಟು ಇನ್ನೂ ಉಳಿದಿತ್ತು, ರಬ್ಬರೂ ಇತ್ತು, ಅವನು ಹೊರಡಲು ಹೊತ್ತೂ ಇತ್ತು. ಅವಳಿಗೆ ಸೋಮಾರಿತನ, ಅಷ್ಟೇ.

ಸುದ್ದಿ ಬಂದಾಗ ಅಧಿಕಾರಿಗಳು, ಹಡಗಿನ ಪಕ್ಕಕ್ಕೆ ಕಟ್ಟಿದ್ದು ತೇಲಿಬಂದ ಟೈರಿನ ಫೋಟೋ ತಂದು ತೋರಿಸಿದರು. ಅಮ್ಮ ಅದನ್ನು ಮುಟ್ಟಲಿಲ್ಲ. "ಫೋಟೋ ಯಾರು ಬೇಕಾದ್ರೂ ತೆಗೀತಾರೆ. ಅವನ ಮೈಮೇಲಿದ್ದದ್ದು ಒಂದು ನೂಲಾದ್ರೂ ನನ್ನ ಕೈಗೆ ಕೊಡಿ, ಆಮೇಲೆ ಅಳ್ತೀನಿ" ಎಂದಳು. ಅವರು ಕೈ ತೊಳೆದುಕೊಂಡು ಹೋದರು. ಅಮ್ಮ ಬಾಗಿಲ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತವಳು ಮತ್ತೆ ಎದ್ದೇ ಇರಲಿಲ್ಲ ಎಂದರೆ ಉತ್ಪ್ರೇಕ್ಷೆಯೇನೂ ಅಲ್ಲ. ನಿದ್ದೆಯೂ ಅಲ್ಲೇ, ಗೋಡೆಗೆ ಒರಗಿ. ಚಿಲಕ ಹಾಕಲು ಬಿಡುತ್ತಿರಲಿಲ್ಲ. ಒಮ್ಮೆ ಅವಳು ತೂಕಡಿಸುತ್ತಿದ್ದಾಗಲೇ ಕಳ್ಳ ನುಗ್ಗಿ ಕುಕ್ಕರ್ ಹೊತ್ತುಕೊಂಡು ಹೋದ. "ಕಳ್ಳನಿಗಾದ್ರೂ ಮನೆ ದಾರಿ ಗೊತ್ತಾಯ್ತಲ್ಲ" ಎಂದಳು. ತಟ್ಟೆಯಲ್ಲಿ ಹಾಕಿದ್ದು ಅರ್ಧಕ್ಕರ್ಧ ಹಾಗೇ ಉಳಿಯುತ್ತಿತ್ತು. ಈಗೀಗ ಅವಳು ಬರೀ ಮೂಳೆ ಚಕ್ಕಳ. ಹೀಗೇ ಬಿಟ್ಟರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಕೈಗೆ ಕೊಡುವಂಥದ್ದು ಏನಾದರೂ ಸಿಗಲೇಬೇಕಿತ್ತು.

ಅದಕ್ಕೇ ಈ ಹಡಗು, ಈ ಕುರ್ಚಿ. ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರಾದರೂ ನಡೆದು ಬರುವ ಸದ್ದು ಅವಳಿಗೆ ಆಗಾಗ ಕೇಳುತ್ತಿತ್ತು. ಒಂದು ಹೆಜ್ಜೆ ಒಣಗಿದ್ದು, ಒಂದು ಹೆಜ್ಜೆ ಒದ್ದೆ. ಟಪ್, ಪಚಕ್. ಟಪ್, ಪಚಕ್. ಮನೆಯ ಮೆಟ್ಟಿಲಲ್ಲಿ ಕೇಳುತ್ತಿದ್ದದ್ದು ಈಗ ಹಡಗಿನ ಓಣಿಯಲ್ಲೂ ಕೇಳುತ್ತಿತ್ತು. ಬಾಗಿಲು ತೆರೆದು ನೋಡಿದರೆ ಯಾರೂ ಇರುತ್ತಿರಲಿಲ್ಲ. ಭಯವೇನೂ ಆಗುತ್ತಿರಲಿಲ್ಲ, ನಾಚಿಕೆಯಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಯಂತ್ರವನ್ನು ತಮ್ಮನ ಹಡಗು ಮಗುಚಿದ ಬೆಟ್ಟಕ್ಕೆ ಇಳಿಸಿದರು. ಯಂತ್ರ ಓಡಿಸುವ ಪೈಲಟ್ ಅವಳ ಪಕ್ಕದಲ್ಲೇ ಕೂತು ಎರಡು ಕಡ್ಡಿ ಹಿಡಿದು ಆಡಿಸುತ್ತಿದ್ದ. ಬಿಸಿಲೆಂಬುದನ್ನೇ ಕಾಣದ ಇಳಿಜಾರು. ದೀಪದ ಬೆಳಕು ಬಿದ್ದಲ್ಲಿ ಮಾತ್ರ ಬಣ್ಣ. ಬೀಸಣಿಗೆ ಹಿಡಿದಂತೆ ಹರಡಿ ನಿಂತ ಹವಳಗಳು, ಎಲ್ಲವೂ ಪ್ರವಾಹ ಬರುವ ದಿಕ್ಕಿಗೇ ಮುಖ ಮಾಡಿದ್ದವು. ಅವುಗಳ ಕೊಂಬೆಗೆ ತೆಳ್ಳನೆಯ ಕೈ ಸುತ್ತಿಕೊಂಡ ನಕ್ಷತ್ರಮೀನುಗಳು. ಬುಟ್ಟಿಯಂಥ ಸ್ಪಂಜುಗಳ ಒಳಗೆ ಗುಡಿಸಲು ಹಾಕಿಕೊಂಡ ಸೀಗಡಿಗಳು. ಯಾವುದೂ ಎಲ್ಲಿಗೂ ಹೋಗುವ ಅವಸರದಲ್ಲಿಲ್ಲ. ಮೇಲಿನಿಂದ ಏನು ಉದುರುತ್ತದೋ, ನೀರು ಏನು ಹೊತ್ತು ತರುತ್ತದೋ, ಅದಕ್ಕಾಗಿ ಕೈಚಾಚಿ ಕಾಯುವ ಊರು ಅದು. ಅವಳ ಬೆರಳು ಗುಂಡಿಗಳ ಮೇಲೆ ತಾನಾಗಿ ಓಡುತ್ತಿತ್ತು.

ಇದ್ದಕ್ಕಿದ್ದಂತೆ ಊರು ಮುಗಿಯಿತು. ಅದರಾಚೆ ಬೋಳು ಕಲ್ಲು, ತಳ ಉಜ್ಜಿದ ಬಾಣಲೆಯ ಹಾಗೆ. ಉದ್ದಕ್ಕೂ ಗೀರುಗಳು. ಬಲೆ ಎಳೆದ ಜಾಗ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಷ್ಟು ವರ್ಷವಾದರೂ ಒಂದು ಹುಲ್ಲುಕಡ್ಡಿಯಷ್ಟು ಜೀವ ಅಲ್ಲಿ ಚಿಗುರಿರಲಿಲ್ಲ. ನನ್ನ ತಮ್ಮನೂ ಸೇರಿ ಮಾಡಿದ್ದು ಇದು ಎಂದುಕೊಂಡಾಗ ಅವನ ಮೇಲೆ ಮೊದಲ ಬಾರಿಗೆ ಸಿಟ್ಟು ಬಂತು.

ಬೋಳಿಗೂ ಊರಿಗೂ ನಡುವಿನ ಅಂಚಿನಲ್ಲಿ, ಬಂಡೆಯ ಸಂದಿಗೆ ಸಿಕ್ಕಿಕೊಂಡು ಒಂದು ಬೂಟು ಅಡ್ಡಡ್ಡ ಬಿದ್ದಿತ್ತು.

"ಓ, ಇದು ಹಳೇ ಗಿರಾಕಿ" ಎಂದ ಪೈಲಟ್. "ಮೂರು ವರ್ಷದ ಹಿಂದೆ ಬಂದಾಗ ಮೇಲಿನಿಂದ ನೋಡಿದ್ವಿ. ಆಗ ನೀವಿರಲಿಲ್ಲ."

"ಕೆಳಗಿನಿಂದ ತೋರಿಸಿ."

ಯಂತ್ರ ಸುತ್ತಿ ಬಂತು. ಹಿಮ್ಮಡಿಯ ಮೇಲೆ ಕೆಂಪು ತೇಪೆ. ಗೀರುಗೀರು ರಬ್ಬರು, ಒಂದು ಮೂಲೆ ಸೊಟ್ಟ. ಎಡಗಾಲಿನ ಬೂಟು.

ಪ್ರತಿ ಸಲ ಯಂತ್ರ ಇಳಿದಾಗಲೂ ಗುರುತು ಹಾಕುವವರು ಒಂದು ವಸ್ತುವನ್ನು ಮೇಲಕ್ಕೆ ತರಿಸಬಹುದು ಎಂಬುದು ಆ ಹಡಗಿನ ರೂಢಿ. 'ತೆಗೀರಿ' ಎಂದರೆ ಸಾಕು, ಯಾಕೆ ಎಂದು ಪೈಲಟ್ ಕೇಳುವಂತಿಲ್ಲ. ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು.

ಆಗ ಬೂಟಿನ ಬಾಯಲ್ಲಿ ಏನೋ ಅಲುಗಿತು. ಹಳೆಯ ಬಟ್ಟೆಯ ಹಾಗೆ ಬಿಳಿಚಿಕೊಂಡ ಒಂದು ಆಕ್ಟೋಪಸ್, ಕೈಗಳನ್ನೆಲ್ಲ ಮಡಿಚಿ ಬಾಯಿಗೆ ಅಡ್ಡ ಕೂತಿತ್ತು. ಚರ್ಮ ಜೋತುಬಿದ್ದಿತ್ತು, ಕಣ್ಣಿಗೆ ಪೊರೆ ಬಂದಂತಿತ್ತು. ಅದರ ಹಿಂದೆ, ಬೂಟಿನ ಒಳಗೋಡೆಗೆ ಅಂಟಿ ತೂಗುವ ಮೊಟ್ಟೆಗಳು.

"ಮೂರು ವರ್ಷದ ಹಿಂದೆ ನೋಡಿದ ತಾಯಿನೇ ಇದು, ಆ ಕೈಮೇಲಿನ ಗಾಯದ ಕಲೆ ನೋಡಿ" ಎಂದರು ಹಿಂದೆ ಬಂದು ನಿಂತ ಮೇಡಂ. "ಈ ಆಳದ ಚಳಿಗೆ ಮೊಟ್ಟೆ ಒಡೆಯೋಕೆ ವರ್ಷಗಟ್ಟಲೆ ಬೇಕು. ಅಲ್ಲೀವರೆಗೂ ಏಳಲ್ಲ, ಏನೂ ತಿನ್ನಲ್ಲ. ಎಬ್ಬಿಸಿದ್ರೆ ಮುಗೀತು, ಏಡಿಗಳು ಕಾಯ್ತಾ ಇವೆ ನೋಡಿ."

ಬಂಡೆಯ ಮೇಲೆ ಎರಡು ಏಡಿಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನಿಂತಿದ್ದವು. ಒಂದು ಸ್ವಲ್ಪ ಮುಂದೆ ಬಂತು. ತಾಯಿ ಸೋತ ಒಂದು ಕೈ ಎತ್ತಿ ಅದನ್ನು ದೂಡಿತು. ಮತ್ತೆ ಮೊದಲಿನಂತೆ ಮಡಿಚಿ ಕೂತಿತು.

ಹದ್ದುಗಣ್ಣಿಗೆ ಮನೆಯ ಸ್ಟೂಲು ನೆನಪಾಯಿತು, ಗೋಡೆಗೆ ಒರಗಿದ ಆ ತಲೆ ನೆನಪಾಯಿತು. ತೆಗೆದರೆ ಅಮ್ಮ ಸ್ಟೂಲು ಬಿಟ್ಟು ಏಳಬಹುದು, ತೆಗೆಯದಿದ್ದರೆ ಈ ತಾಯಿ ಮೊಟ್ಟೆ ಕಾಯುತ್ತ ಕೂತಿರಬಹುದು.

"ತೆಗೀಲಾ?" ಎಂದ ಪೈಲಟ್.

"ಬೇಡ. ಒಂದು ಫೋಟೋ ಸಾಕು. ಮುಂದೆ ನಡೀರಿ."

"ಕಸದ ಗುಂಡಿ ಒತ್ತಲಿಲ್ಲ ನೀವು."

"ಅದು ಕಸ ಅಲ್ಲ" ಎಂದಳು.

ಊರಿಗೆ ಬಂದ ಸಂಜೆ ಫೋಟೋವನ್ನು ಅಮ್ಮನ ಮಡಿಲಲ್ಲಿಟ್ಟಳು. ಫೋಟೋ ಅಮ್ಮನಿಗೆ ಆಗುವುದಿಲ್ಲ ಎಂದು ಗೊತ್ತಿತ್ತು. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿ ನೆಲದ ಮೇಲೆ ಕೂತಳು. ಅಮ್ಮ ಬಹಳ ಹೊತ್ತು ನೋಡಿದಳು. ತೇಪೆಯನ್ನಲ್ಲ.

"ಯಾರಿದು?"

"ತಾಯಿ. ಮೊಟ್ಟೆ ಕಾಯ್ತಿದೆ. ಮೂರು ವರ್ಷ ದಾಟಿದೆ."

"ಊಟ?"

"ಇಲ್ಲಮ್ಮ. ಬೂಟು ತೆಗೆದಿದ್ರೆ ಮೊಟ್ಟೆ ಹಾಳಾಗ್ತಿತ್ತು. ಅದಕ್ಕೇ ಬಿಟ್ಟುಬಂದೆ. ನಿನ್ನ ಕೈಗೆ ಕೊಡೋಕೆ ಏನೂ ತರಲಿಲ್ಲ."

"ಮರಿ ಹೊರಗೆ ಬಂದ ಮೇಲೆ ಏನ್ ಮಾಡುತ್ತೆ ಇದು?"

"ಸಾಯುತ್ತೆ."

"ಹಾಗಾದ್ರೆ ಅದರ ಕಾಯೋದಕ್ಕೆ ಒಂದು ಕೊನೆ ಇದೆ" ಎಂದಳು ಅಮ್ಮ. ಆಮೇಲೆ ಬೆರಳು ಮೆಲ್ಲಗೆ ಸರಿದು ಕೆಂಪು ತೇಪೆಯ ಮೇಲೆ ನಿಂತಿತು. "ನನ್ನ ಬಿಸಿನೀರಿನ ಚೀಲ. ತೂತಿಲ್ಲದ ಕಡೆ ಅಂಟಿಸಿದ್ದೀಯ, ದಡ್ಡಿ" ಎಂದು ನಗಲು ಹೋದವಳು ಬಿಕ್ಕಿದಳು. ಒಂಬತ್ತು ವರ್ಷದ ಅಳು ಒಮ್ಮೆಲೇ ಬಂತು. ಮಗಳು ಅವಳ ಕಾಲು ಹಿಡಿದುಕೊಂಡು ಕೂತಿದ್ದಳು.

ಅತ್ತು ಮುಗಿದ ಮೇಲೆ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಸ್ಟೂಲಿನಿಂದ ಎದ್ದಳು, ತುಕ್ಕು ಹಿಡಿದ ಚಿಲಕವನ್ನು ಎರಡೂ ಕೈಯಿಂದ ತಳ್ಳಿ ಹಾಕಿದಳು. ಹಸಿವು ಎಂದು ಅನ್ನ ಕೇಳಿ ಹಾಕಿಸಿಕೊಂಡಳು. ತಟ್ಟೆ ಖಾಲಿ ಮಾಡಿ ಹಾಸಿಗೆಯಲ್ಲಿ ಕಾಲು ಚಾಚಿದಳು. ಮಗಳಿಗೆ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಇಳಿಯಲಿಲ್ಲ.

ಪಾತ್ರೆ ತೊಳೆಯುತ್ತಿರುವಾಗ ಮೆಟ್ಟಿಲಲ್ಲಿ ಸದ್ದಾಯಿತು. ಟಪ್, ಪಚಕ್. ಟಪ್, ಪಚಕ್. ಬಾಗಿಲ ಹೊರಗೆ ಬಂದು ನಿಂತಿತು. ಬಾಗಿಲು ಹಾಕಿಕೊಳ್ಳಬೇಡ ಎಂದು ಅವನು ಹೇಳಿದ್ದು ಅಮ್ಮನಿಗಲ್ಲ, ಅಕ್ಕನಿಗೆ. ಅವಳು ಒದ್ದೆ ಕೈ ಒರೆಸಿಕೊಂಡು ಬಂದು ಚಿಲಕ ಮುಟ್ಟಿದಳು.

"ಯಾಕೇ? ಅವನು ಬರಲ್ಲ ಕಣೇ" ಎಂದಳು ಅಮ್ಮ ಹಾಸಿಗೆಯಿಂದ.

"ಗೊತ್ತಮ್ಮ, ನೀನು ಮಲಗು" ಎಂದು ಅವಳು ಚಿಲಕ ತೆಗೆದಳು. ಅಮ್ಮ ಬಿಟ್ಟೆದ್ದ ಸ್ಟೂಲನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತಳು.