ಇತಾಯ್ ಎಂಬ ಮಾತು

“ಮಂಚಕ್ಕ ಹೊಡದ್ಯಾ?” ಶಾಂತಾಬಾಯಿ ಎರಡನೇ ಸಲ ಕೇಳಿದರು. ಉತ್ತರ ಮೊದಲನೇ ಸಲವೇ ಸರಿಯಾಗಿ ಕಿವಿಗೆ ಬಿದ್ದಿತ್ತು. ಇನ್ನೊಮ್ಮೆ ಹೇಳಿಸಿ ಹುಡುಗಿಯ ಮುಖ ನೋಡಬೇಕಿತ್ತು.

“ಹೂಂ ಬಾಯಾರ. ಕೈ ತಾನ ಹೋತ್ರಿ,” ಎಂದಳು ಅವರ ಆರೈಕೆಗೆ ದಿನಾ ಬರುವ ಪೂನಮ್, ಬಿಸಿನೀರಿನಲ್ಲಿ ಅದ್ದಿದ ಟವೆಲ್ ಹಿಂಡುತ್ತಾ.

ನಡೆದದ್ದು ಇಷ್ಟು. ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಪೂನಮ್ ಮೊಬೈಲಿನಲ್ಲಿ ಸಂದರ್ಶನ ಕೊಟ್ಟಿದ್ದಳು. ಕ್ಲಾಸಿನ ಇನ್ನೊಬ್ಬ ಹುಡುಗಿ ರೋಗಿಯ ವೇಷದಲ್ಲಿ ಮಂಚದ ಮೇಲೆ ಮಲಗಿ, ಎಬ್ಬಿಸುವಾಗ “ಇತಾಯ್” ಎಂದಳು. ಇತಾಯ್ ಅಂದರೆ ನೋಯುತ್ತದೆ ಎಂದು. ಅಲ್ಲಿ ಮಾತು ಕಲಿಯುವ ಮಕ್ಕಳ ಬಾಯಲ್ಲೂ ಇರುವ ಮಾತು. ಅದು ಕಿವಿಗೆ ಬಿದ್ದದ್ದೇ ಕೈ ನಿಲ್ಲಿಸಬೇಕು, ಎಲ್ಲಿ ಎಂದು ಕೇಳಬೇಕು, ಉತ್ತರ ಬರುವ ತನಕ ಕಾಯಬೇಕು. ಪೂನಮ್ ಇದನ್ನೆಲ್ಲ ನೋಟುಬುಕ್ಕಿನಲ್ಲಿ ಹನ್ನೆರಡು ಸಲ ಬರೆದಿದ್ದಳು. ಆದರೆ ಆ ಗಳಿಗೆಯಲ್ಲಿ, ಸಂಗೊಳ್ಳಿಯ ತನ್ನ ಮನೆಯಲ್ಲಿ ಎಡವಿ ಬಿದ್ದ ಕೂಸನ್ನು ಸಮಾಧಾನ ಮಾಡುವಂತೆ, ಮಂಚದ ಪಟ್ಟಿಗೆ ಪಟಪಟ ಎರಡೇಟು ಹಾಕಿ, “ಏನೂ ಆಗಿಲ್ಲ, ಏನೂ ಆಗಿಲ್ಲ, ಹೊಡದ್ನಿ ನೋಡು” ಎಂದುಬಿಟ್ಟಿದ್ದಳು. ಪರದೆಯ ಆಚೆಯ ಹೆಂಗಸು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ತಲೆ ಬಾಗಿಸಿ ಏನೋ ಬರೆದುಕೊಂಡಳು. ಬರುವ ಶನಿವಾರ ಇನ್ನೊಂದು ಅವಕಾಶ, ಅದೇ ಕೊನೆಯದು.

ಶಾಂತಾಬಾಯಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಲಿಸುವವನು ಯಾರು? ಗುರುನಾಥ. ಇವರು ಹೆಡ್‌ಮಿಸ್ಟ್ರೆಸ್ ಆಗಿದ್ದ ಹೈಸ್ಕೂಲಿನಲ್ಲೇ ಒತ್ತಕ್ಷರ ಬಾರದೆ ಮೂರು ಸಲ ಎಸ್ಸೆಸ್ಸೆಲ್ಸಿಗೆ ಕೂತವನು. ಜಪಾನಿನಲ್ಲಿ ನಾಲ್ಕು ವರ್ಷ ಕಾರಿನ ಬಿಡಿಭಾಗ ಒರೆಸಿ ಬಂದು, ಈಗ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು ಬೀಜ-ಗೊಬ್ಬರದ ಅಂಗಡಿಯ ಮೇಲೆ ಕೋಣೆ ಹಿಡಿದು ಭಾಷಾಪಂಡಿತನಾಗಿದ್ದ. ಮೂರು ತಲೆಮಾರು ಶಾಸ್ತ್ರ ಓದಿದ ಮನೆತನದ ಶಾಂತಾಬಾಯಿಗೆ ಇದಕ್ಕೆ ನಗಬೇಕೆನಿಸಿದರೂ, ಅಷ್ಟು ಬೆಲೆ ಕೊಡಲು ಮನಸ್ಸಿರಲಿಲ್ಲ.

ಇನ್ನು ಕಲಿಯುವವಳೋ, ಮೊದಲ ಬಸ್ಸಿಗೆ ಬಂದು, ಲೋಟದ ಅಂಚಿಗೇ ಬೆರಳಿಟ್ಟು ಚಹಾ ಕೊಡುವವಳು. ಬಾಗಿಲು ಮುಚ್ಚಿದರೆ ಊರಿಗೆಲ್ಲ ಕೇಳಬೇಕು. ಟವೆಲನ್ನು ಮೊದಲು ತನ್ನ ಮೊಣಕೈಗೆ ಒತ್ತಿ ಬಿಸಿ ನೋಡುವುದನ್ನು ಮಾತ್ರ ಒಂದು ದಿನವೂ ಮರೆತಿರಲಿಲ್ಲ. ಶಾಂತಾಬಾಯಿ ಅದನ್ನು ಗಮನಿಸಿದ್ದರು. ಹೇಳಿರಲಿಲ್ಲ.

ಹೇಳುವ ಅಭ್ಯಾಸವೇ ಅವರಿಗಿರಲಿಲ್ಲ. ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಎಡಭುಜ ಮುರಿದುಕೊಂಡಾಗ, ಸೊಸೆ ಜ್ಯೋತ್ಸ್ನಾ ಬ್ಯಾಂಕಿನಿಂದ ಬರುವವರೆಗೆ ನಾಲ್ಕು ತಾಸು ಗೋಡೆಗೆ ಒರಗಿ ಕೂತಿದ್ದರು. ಪಕ್ಕದ ಮನೆಯವರನ್ನು ಕೂಗಿರಲಿಲ್ಲ. ಡಾಕ್ಟರು ಭುಜ ಒತ್ತಿ ಕೇಳಿದಾಗ “ಅಷ್ಟೇನಿಲ್ಲ” ಎಂದಿದ್ದರು. ಅಷ್ಟೇನಿಲ್ಲ ಎಂದೇ ನಂಬಿದ ಡಾಕ್ಟರು ದಿನಾ ಕೈ ಎತ್ತಿಸಲು ಹೇಳಿದ್ದರು. ಎರಡು ತಿಂಗಳಾದರೂ ಕೈ ಕಿವಿಯ ಮಟ್ಟಕ್ಕೆ ಬಂದಿರಲಿಲ್ಲ. ಖೋಖೋ ಆಡುತ್ತಾ ಮೊಣಕಾಲು ಒಡೆದುಕೊಂಡು ಅತ್ತ ಹುಡುಗಿಯರಿಗೆಲ್ಲ ಮೂವತ್ತನಾಲ್ಕು ವರ್ಷ ಅವರು ಹೇಳಿದ್ದು ಒಂದೇ ಮಾತು: ಎದ್ದೇಳು. ನೋವನ್ನು ಬಾಯಿಬಿಟ್ಟು ಹೇಳುವವರಲ್ಲಿ ಎರಡೇ ಬಗೆ, ಒಂದು ಕೂಸುಗಳು, ಇನ್ನೊಂದು ಕೆಲಸಗಳ್ಳರು. ಮುದುಕರಾದ ಮೇಲೂ ಅದನ್ನು ಹೇಳಿಸಿಕೊಂಡು ಕೂಡುವ ದೇಶದ ಬಗ್ಗೆ ಹೆಚ್ಚು ತಿಳಿಯುವ ಅಗತ್ಯ ಅವರಿಗೆ ಕಾಣಲಿಲ್ಲ.

ಪೂನಮ್ ಟವೆಲನ್ನು ಭುಜದ ಮೇಲೆ ಹರಡಿದಳು. ಕ್ಲಾಸಿನ ಹುಡುಗಿಯರು ನಕ್ಕೋತ ಇತಾಯ್ ಅನ್ನುತ್ತಾರೆ, ಅದರಿಂದ ತನ್ನ ಕೈಗೆ ಏನೂ ತಿಳಿಯುವುದಿಲ್ಲ ಎಂದಳು. ಈ ಸಲ ಮನೆಯಲ್ಲಿರುವ ವಯಸ್ಸಾದವರನ್ನೇ ಎದುರು ಕೂಡಿಸಬೇಕಂತೆ. ಬಾಯಾರು ಕೂತರೆ, ಆ ಒಂದು ಮಾತು ಅಂದರೆ ಸಾಕು.

“ನನಗ ನೋವದ ಅಂತ ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ರಿ. ಕೈ ಎತ್ತೂ ಮುಂದ ನೀವು ಉಸಿರು ಹಿಡೀತೀರಿ.” ಪೂನಮ್ ತಲೆ ಎತ್ತಲಿಲ್ಲ. “ನೀವು ಎತ್ತು ಅಂತೀರಿ, ನಾ ಎತ್ತತೇನಿ. ಎಲ್ಲಿ ನಿಂದರಬೇಕು ಅನ್ನೂದು ನನಗ ತಿಳಿವಲ್ದ್ರಿ ಬಾಯಾರ.”

“ಕೂಡತೀನಿ. ನಾಟಕ ಮಾತ್ರ ನನ್ನಿಂದ ಆಗೂದಿಲ್ಲ,” ಎಂದರು ಶಾಂತಾಬಾಯಿ. “ಎತ್ತು ಕೈ.”

ಆಮೇಲೆ ನಾಲ್ಕು ದಿನ, ಕೈ ಎತ್ತುವಾಗಲೆಲ್ಲ ಹುಡುಗಿ ಆ ಭಾಷೆಯಲ್ಲಿ “ಇತಾಯ್ ದೆಸು ಕಾ?” ಎಂದು ಕೇಳಿದಳು. ನೋಯುತ್ತದೆಯೇ? ನಾಲ್ಕು ದಿನವೂ ಶಾಂತಾಬಾಯಿ ಅಚ್ಚ ಕನ್ನಡದಲ್ಲಿ “ಇಲ್ಲ” ಎಂದರು.

ಶನಿವಾರ ಜ್ಯೋತ್ಸ್ನಾ ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ನಿಲ್ಲಿಸಿ, ಬಾಗಿಲ ಬಳಿ ಸರಿದು ನಿಂತಳು. ಶಾಂತಾಬಾಯಿ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಪರೀಕ್ಷಕರ ಎದುರು ಮುದ್ದೆಯಾಗಿ ಕೂಡುವುದು ಅವರಿಗೆ ಗೊತ್ತಿರಲಿಲ್ಲ. ಪರದೆಯಲ್ಲಿ ಕಾಣಿಸಿಕೊಂಡ ಹೆಂಗಸು ಮೂರು ಸಲ ತಲೆ ಬಾಗಿಸಿದಳು. ಒಂದು ಸಲ ಸಾಕಿತ್ತು ಎಂದುಕೊಂಡರು ಶಾಂತಾಬಾಯಿ.

ಕೊಟ್ಟ ಕೆಲಸ ಸ್ವೆಟರ್ ತೊಡಿಸುವುದು. ಪೂನಮ್ ನೋವಿನ ಕೈಯಿಂದಲೇ ಶುರು ಮಾಡಿದಳು, ತೋಳು ಏರಿಸಿದಳು, ಮೆಲ್ಲಗೆ ಕೈ ಎತ್ತತೊಡಗಿದಳು. ಅವಳ ಬೆರಳು ತಣ್ಣಗಿದ್ದವು. ಎದೆಯ ಮಟ್ಟ ದಾಟಿತು. ಭುಜದೊಳಗೆ ಯಾರೋ ಹಸಿ ಕಟ್ಟಿಗೆ ಸೀಳಿದಂತಾಯಿತು. ಶಾಂತಾಬಾಯಿ ಉಸಿರು ಹಿಡಿದರು.

“ಇತಾಯ್ ದೆಸು ಕಾ?”

ಇಲ್ಲ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆಗ ಪರದೆಯ ಹೆಂಗಸು ಕಣ್ಣಿಗೆ ಬಿದ್ದಳು. ಅವಳು ಪೂನಮ್‌ಳನ್ನು ನೋಡುತ್ತಿರಲಿಲ್ಲ. ಮುದುಕಿಯ ಹಣೆಯ ಬೆವರನ್ನೇ ನೋಡುತ್ತಿದ್ದಳು, ಪೆನ್ನು ಕಾಗದದಿಂದ ಒಂದು ಬೆರಳು ಮೇಲೆ ನಿಂತಿತ್ತು. ಆ ಪೆನ್ನನ್ನು ಶಾಂತಾಬಾಯಿ ಬಲ್ಲರು. ಮೂವತ್ತನಾಲ್ಕು ವರ್ಷ ತಾವೇ ಹಾಗೆ ಹಿಡಿದು ನಿಂತವರು. ಈಗ ಇಲ್ಲ ಎಂದರೆ ಹುಡುಗಿ ಇನ್ನೂ ಎತ್ತುತ್ತಾಳೆ, ಪೆನ್ನು ಇಳಿಯುತ್ತದೆ. ಗುರುನಾಥನಂಥವನೇ ಪಾಸಾದ ಮೇಲೆ ಇವಳು ಫೇಲಾಗುವುದೆಂದರೇನು?

“ಇತಾಯ್,” ಎಂದರು.

ದನಿ ತಮ್ಮದಲ್ಲದಂತೆ ಕೇಳಿಸಿತು. ತೆಳ್ಳಗಿತ್ತು, ನಡುವೆ ಒಡೆದಿತ್ತು.

ಪೂನಮ್‌ಳ ಕೈ ಅಲ್ಲೇ ನಿಂತಿತು. ಅವಳ ಇನ್ನೊಂದು ಕೈ ಕುರ್ಚಿಯ ಹಿಡಿಕೆಯತ್ತ ಏಳುವುದು ಕಾಣಿಸಿತು. ಗಾಳಿಯಲ್ಲಿ ಒಂದು ಕ್ಷಣ ತೂಗಿ, ಮುಷ್ಟಿಯಾಗಿ, ಕೆಳಗಿಳಿಯಿತು. ಎಲ್ಲಿ ಎಂದು ಜಪಾನಿಯಲ್ಲಿ ಕೇಳಿದಳು. ಶಾಂತಾಬಾಯಿಗೆ ಆ ಭಾಷೆಯಲ್ಲಿ ಎರಡನೇ ಮಾತು ಗೊತ್ತಿರಲಿಲ್ಲ. ಬಲಗೈ ಬೆರಳಿನಿಂದ ತೋರಿಸಿದರು. ಅಲ್ಲಿ. ಮತ್ತೆ ಇಲ್ಲಿ, ಕೆಳಗೆ. ಹಿಂದೆಯೂ. ಹುಡುಗಿ ಕಾಯುತ್ತಲೇ ಇದ್ದಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಕೈಯನ್ನು ಎರಡೂ ಅಂಗೈಯಲ್ಲಿ ಹೊತ್ತು ತೊಡೆಯ ಮೇಲೆ ಇಳಿಸಿದಳು.

ಪರದೆಯ ಹೆಂಗಸು ಉದ್ದಕ್ಕೆ ಏನೋ ಬರೆದುಕೊಂಡು, ಫಲಿತಾಂಶ ಸೋಮವಾರ ಎಂದು ಹೇಳಿ, ಮತ್ತೆ ಮೂರು ಸಲ ಬಾಗಿ, ಆರಿಹೋದಳು.

“ಏನಂದ್ರಿ ಅತ್ಯಾ, ಈಗ?” ಬಾಗಿಲಿನಿಂದ ಜ್ಯೋತ್ಸ್ನಾ ಕೇಳಿದಳು. ಆ ಮಾತು ಅವಳಿಗೆ ತಿಳಿದಿರಲಿಲ್ಲ, ದನಿ ತಿಳಿದಂತಿತ್ತು.

“ಏನಿಲ್ಲ. ಜಪಾನಿ ಮಾತು,” ಎಂದರು ಶಾಂತಾಬಾಯಿ. “ಗುರುನಾಥ ಕಲಿಸಿದ್ದು. ಹ್ಯಾಂಗಿರ್ತದ ಮತ್ತ.”

ಪೂನಮ್ ಸ್ವೆಟರ್ ಮಡಿಚಿ ಎತ್ತಿಟ್ಟಳು. ಚಹಾದ ಲೋಟವನ್ನು ಅಂಚು ಹಿಡಿದೇ ಎತ್ತಿಕೊಂಡು ಅಡಿಗೆಮನೆಯ ಕಡೆ ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಭರಣಿಗೆ ಒರಗಿದ ಮೊಬೈಲು ಆರಿದೆಯೇ ಎಂದು ಒಮ್ಮೆ ನೋಡಿ, ಬಗ್ಗಿ, ಕುರ್ಚಿಯ ಎಡಗಡೆಯ ಹಿಡಿಕೆಗೆ ಒಂದೇ ಒಂದು ಏಟು ಹಾಕಿದಳು.

“ಹುಚ್ಚಿ,” ಎಂದರು ಶಾಂತಾಬಾಯಿ. ಹಿಡಿಕೆಯ ಮೇಲಿನ ಅವಳ ಅಂಗೈಯ ಒದ್ದೆ ಗುರುತು ಆರುವ ತನಕ ಅದನ್ನೇ ನೋಡುತ್ತಾ ಕೂತರು.