ಶಿವಕ್ಕನ ಗೋಣು

“ನೇ?” ಎಂದು ಕ್ಯಾಸೆಟ್ಟಿನೊಳಗಿನ ಮುದುಕರು ಕೇಳಿದರು.

ಶಿವಕ್ಕ ಟೇಪ್ ರೆಕಾರ್ಡರ್ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದಳು. ಕಪ್ಪು ಬಸಿಯ ಸದ್ದು. ಆಮೇಲೆ ಮಿನೇರ್, ಅಂದರೆ ಶ್ರೀಯುತ, ಯೆಪ್ಪೆಸೆನ್ನರ ದನಿ: “ನಮ್ಮಜ್ಜ ಡೆನ್ಮಾರ್ಕಿನಿಂದ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಹಾಲು ಕರೆಯುವ ಕೆಲಸಕ್ಕೆ ಅಂತ ನಡೆದೇ ಬಂದನಂತೆ...” ಸ್ವಲ್ಪ ಹೊತ್ತು ಏನೂ ಇಲ್ಲ. “ನೇ?” ಮತ್ತೆ ಏನೂ ಇಲ್ಲ. “ಹೋಗಲಿ ಬಿಡಿ. ನಿಮ್ಮ ಮುಂದಿನ ಪ್ರಶ್ನೆ ಯಾವುದು?”

ಡಚ್ ಭಾಷೆಯಲ್ಲಿ ‘ನೇ’ ಎಂದರೆ ‘ಇಲ್ಲ’ ಎಂಬುದು ನೆದರ್ಲೆಂಡ್ಸಿಗೆ ಬಂದ ಮೊದಲ ವಾರವೇ ಯಾರಿಗಾದರೂ ಗೊತ್ತಾಗುತ್ತದೆ. ಶಿವಕ್ಕನಿಗಂತೂ ಐದು ವರ್ಷದ ಡಚ್ಚು, ಜೊತೆಗೆ ಸರ್ಟಿಫಿಕೇಟು. ಆದರೂ ಸಂದರ್ಶನಕ್ಕೆಂದು ಯೆಪ್ಪೆಸೆನ್ನರ ಮನೆಯಲ್ಲಿ ಕೂತಾಗ ಅದು ‘ಅಲ್ರೀ?’ ಎಂದು ನಮ್ಮ ಗದಗಿನ ಮಂದಿ ಮಾತಿನ ಕೊನೆಗೆ ಅಂಟಿಸುತ್ತಾರಲ್ಲ, ಅಂಥದ್ದೇ ಬಾಲ ಎಂದುಕೊಂಡು ಬಿಟ್ಟಿದ್ದಳು. ಈಗ ಅಡುಗೆಮನೆಯ ಮೇಜಿನ ಮುಂದೆ ಕೂತು ಕಿವಿಗೊಟ್ಟು ಕೇಳಿದರೆ ಅದು ಬಾಲವಾಗಿರಲಿಲ್ಲ, ಪ್ರಶ್ನೆಯಾಗಿತ್ತು.

ಅಂದು ಬುಧವಾರ. ಶಾಲೆಗೆ ಅರ್ಧ ದಿನ ರಜೆ. ಎದುರಿಗೆ ಕೂತು ಬಣ್ಣ ಹಚ್ಚುತ್ತಿದ್ದ ಏಳು ವರ್ಷದ ಮಗಳು ಶರಣ್ಯಾ ತಲೆ ಎತ್ತದೆ ಕೇಳಿದಳು: “ಅವ್ವಾ, ವೈ ಡಿಡ್ ಯು ಸೇ ನೇ ಟು ದಟ್ ಓಪಾ? ಆ ಅಜ್ಜಗ?”

“ನಾ ಎಲ್ಲೆ ಅಂದ್ನಿ? ನಾ ತುಟಿ ಪಿಟಕ್ಕಂದಿಲ್ಲ.”

“ನಾಟ್ ವಿತ್ ಮೌತ್. ಹಿಂಗ.” ಹುಡುಗಿ ಪೆನ್ಸಿಲ್ ಕೆಳಗಿಟ್ಟು, ಕಣ್ಣು ಅರೆಮುಚ್ಚಿ, ಗೋಣನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತೂಗಿ ತೋರಿಸಿದಳು. “ನೀ ಯಾವಾಗಲೂ ಹಿಂಗ ಮಾಡ್ತಿ. ನಮ್ಮ ಯೂಫ್ ನನ್ನ ಕೇಳಿದ್ಲು, ನಿಮ್ಮಮ್ಮ ನಾ ಹೇಳಿದ್ದಕ್ಕೆಲ್ಲಾ ಯಾಕ ನೇ ಅಂತಾಳ, ಈಸ್ ಶಿ ಆಂಗ್ರಿ ಅಂತ.”

ಯೂಫ್ ಎಂದರೆ ಶಾಲೆಯ ಟೀಚರಮ್ಮ. ಕಳೆದ ತಿಂಗಳು ಆಕೆ ಶರಣ್ಯಾಳನ್ನು ಹತ್ತು ನಿಮಿಷ ಹೊಗಳಿದ್ದಳು. ಹತ್ತೂ ನಿಮಿಷ ಶಿವಕ್ಕ ಸಂತೋಷದಿಂದ ತಲೆದೂಗಿದ್ದಳು. ಅಯ್ಯೋ ಶಿವನೇ!

ಎದ್ದುಹೋಗಿ ಕೋಣೆಯ ಕನ್ನಡಿಯ ಮುಂದೆ ನಿಂತಳು. “ಹೂಂ, ಹೇಳ್ರಿ, ಕೇಳಾಕತ್ತೇನಿ,” ಎಂದು ತನ್ನ ಬಿಂಬಕ್ಕೇ ಹೇಳಿದಳು. ಗೋಣು ತನ್ನ ಪಾಡಿಗೆ ತಾನು ಆಡಿತು. ಮೂವತ್ತು ವರ್ಷದಿಂದ ಆಡುತ್ತಿದ್ದ ಗೋಣನ್ನು ಅವಳು ನೋಡಿದ್ದು ಅದೇ ಮೊದಲು.

ನಗು ಬಂತು. ಆದರೆ ನಗು ತುಟಿ ದಾಟುವ ಮೊದಲೇ ಮೇಜಿನ ಮೇಲಿದ್ದ ಉಳಿದ ಕ್ಯಾಸೆಟ್ಟುಗಳು ನೆನಪಾದವು.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರಕ್ಕೆ ಚಿನ್ನದ ಪದಕ ತೆಗೆದುಕೊಂಡವಳು ಶಿವಕ್ಕ. ಗಂಡ ಅಂದಪ್ಪನಿಗೆ ನೂರ್ಡ್‌ವೈಕಿನಲ್ಲಿ ಎಂಜಿನಿಯರ್ ಕೆಲಸ ಸಿಕ್ಕ ಮೇಲೆ ಐದು ವರ್ಷ ಸಮುದ್ರದ ಗಾಳಿಗೆ ಬಟ್ಟೆ ಒಣಗಿಸುತ್ತ ಕಳೆದಿದ್ದಳು. ಅವಳ ಪಾಸ್‌ಪೋರ್ಟಿನಲ್ಲಿದ್ದ ಮೊಹರು ಅವಳನ್ನು ಅಂದಪ್ಪನ ಹೆಂಡತಿ ಎಂದಷ್ಟೇ ಗುರುತಿಸುತ್ತಿತ್ತು, ಕೆಲಸ ಮಾಡಲು ಬಿಡುತ್ತಿರಲಿಲ್ಲ. ಈ ವರ್ಷ, ಅಂದರೆ ತೊಂಬತ್ತೆಂಟರ ಜುಲೈಯಲ್ಲಿ, ರೈಸ್‌ವೈಕಿನ ಒಂದು ಪುಟ್ಟ ಸಂಶೋಧನಾ ಆಫೀಸು ಅವಳಿಗಾಗಿ ಓಡಾಡಿ ಆರು ತಿಂಗಳ ಕೆಲಸದ ಪರ್ಮಿಟ್ ತೆಗೆಸಿಕೊಟ್ಟಿತು. ಮೊದಲ ದಿನ ಮೇಜಿನ ಮೇಲೆ ತನ್ನ ಹೆಸರಿನ ಚೀಟಿ ನೋಡಿ ಶೌಚಾಲಯಕ್ಕೆ ಹೋಗಿ ಅತ್ತು ಬಂದಿದ್ದಳು.

ಆಫೀಸಿನ ಮುಖ್ಯಸ್ಥೆ ಹಾನ್ನೆಕೆ ವಿಚಿತ್ರ ಕುತೂಹಲದ ಹೆಂಗಸು. ತುರ್ಕಿಯಿಂದ, ಮೊರೊಕ್ಕೊದಿಂದ, ಸುರಿನಾಮಿನಿಂದ ಬಂದವರ ಮೇಲೆ ಕಪಾಟುಗಟ್ಟಲೆ ವರದಿಗಳಿದ್ದವು. “ಬಲ್ಗೇರಿಯಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಹೇಗಿದ್ದಾರೆ? ಡೆನ್ಮಾರ್ಕಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳು? ಒಬ್ಬರು ಬಡ ದೇಶದಿಂದ, ಇನ್ನೊಬ್ಬರು ಸಿರಿವಂತ ದೇಶದಿಂದ. ಮೂರನೇ ತಲೆಮಾರಿಗೆ ಆ ವ್ಯತ್ಯಾಸ ಉಳಿಯುತ್ತದೋ, ಅಳಿಯುತ್ತದೋ? ಯಾರೂ ಕೇಳಿಯೇ ಇಲ್ಲ. ನಾವು ಕೇಳೋಣ,” ಎಂದಿದ್ದಳು. ಕೇಳುವ ಕೆಲಸ ಶಿವಕ್ಕನದು. ಬಲ್ಗೇರಿಯಾ ಮೂಲದ ಹದಿಮೂರು ಮನೆ, ಡೆನ್ಮಾರ್ಕ್ ಮೂಲದ ಹದಿನಾಲ್ಕು ಮನೆ. ಕೋಣೆ ಎಷ್ಟು, ವರಮಾನ ಎಷ್ಟು, ಓದು ಎಷ್ಟು, ಕಷ್ಟಕ್ಕೆ ಆಗುವವರು ಯಾರು.

ಮೆವ್ರೌ, ಅಂದರೆ ಶ್ರೀಮತಿ, ರಾದ್ಕಾ ನೆನಪಾದಳು. ಅವಳ ತಂದೆ ತರಕಾರಿ ಬೆಳೆಯುವವನು. ಮೆಣಸಿನಕಾಯಿ ಬೀಜದ ಚೀಲ ಹೊತ್ತು ಬಲ್ಗೇರಿಯಾದಿಂದ ಬಂದವನು. ಎರಡೇ ಕೋಣೆಯ ಮನೆಯಲ್ಲಿ ರಾದ್ಕಾ ಮೂರು ಗಂಟೆ ಮಾತಾಡಿದ್ದಳು. ಪೆನ್ಶನ್ ಕಾಗದ ತೋರಿಸಿದಳು, ಅಳಿಯನನ್ನು ಬೈದಳು, ಗಟ್ಟಿ ಮೊಸರು ತಿನ್ನಿಸಿದಳು. ಹೊರಡುವಾಗ ಶಿವಕ್ಕನ ಗಲ್ಲ ಹಿಡಿದು, “ನೀನು ನಮ್ಮಪ್ಪನ ಹಾಗೆ ಹೌದು ಹೌದು ಅನ್ನುತ್ತೀ ಕಣೇ. ಅವನ ಊರಲ್ಲಿ ಹೌದು ಅಂದರೆ ತಲೆ ಹೀಗೇ ಆಡುತ್ತಿತ್ತು. ಇಲ್ಲಿಯವರು ಅದನ್ನು ನೋಡಿ ಕಂಗಾಲಾಗುತ್ತಿದ್ದರು,” ಎಂದು ನಕ್ಕಿದ್ದಳು. ಶಿವಕ್ಕ ಅದನ್ನು ತಮಾಷೆ ಎಂದು ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಂಡು ಮರೆತಿದ್ದಳು.

ಯೆಪ್ಪೆಸೆನ್ನರ ಮನೆಯಲ್ಲಿ ಏಳು ಕೋಣೆ, ಒಬ್ಬರೇ ಮನುಷ್ಯ. ಬೆಣ್ಣೆ ವ್ಯಾಪಾರ ಮಾಡಿ ನಿವೃತ್ತರಾದವರು. ಮಾತು ಶುರುವಾಗುತ್ತಿದ್ದಂತೆ ಕಪಾಟಿನಿಂದ ಹಸಿರು ರಟ್ಟಿನ ಆಲ್ಬಮ್ ಎಳೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಅಜ್ಜನ ಮಾತು ಬಂದಾಗ ಒಮ್ಮೆ ಅವಳ ಮುಖ ನೋಡಿದರು. ಆಮೇಲೆ ಆಲ್ಬಮ್ಮನ್ನು ತೆರೆಯದೆ ಎದ್ದುಹೋಗಿ ಅದರ ಜಾಗದಲ್ಲೇ ಇಟ್ಟು ಬಂದರು. ಇಪ್ಪತ್ತೆಂಟು ನಿಮಿಷಕ್ಕೆ ಮಾತು ಮುಗಿದಿತ್ತು.

ಶಿವಕ್ಕ ಉಳಿದ ಕ್ಯಾಸೆಟ್ಟುಗಳನ್ನೂ ಒಂದೊಂದಾಗಿ ಹಾಕಿದಳು. ಡೆನ್ಮಾರ್ಕಿನ ಹದಿನಾಲ್ಕರಲ್ಲಿ ಹನ್ನೊಂದರಲ್ಲಿ ಅದೇ. ಯಾರೋ ಏನನ್ನೋ ಹೇಳಲು ಶುರುಮಾಡುತ್ತಾರೆ, ತಡೆಯುತ್ತಾರೆ, “ನೇ?” ಎನ್ನುತ್ತಾರೆ. ಅಲ್ಲಿಂದಾಚೆಗೆ ಕೇಳಿದ್ದಕ್ಕಷ್ಟೇ ಉತ್ತರ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ‘ಮಾತಿನ ಅವಧಿ’ ಎಂಬ ಕಾಲಮ್ಮನ್ನು ಕೋಷ್ಟಕಕ್ಕೆ ಸೇರಿಸಿದವಳು ಸ್ವತಃ ಶಿವಕ್ಕನೇ. ಯಾರು ಎಷ್ಟು ಮನಸ್ಸು ಬಿಚ್ಚುತ್ತಾರೆ, ಯಾರಿಗೆ ಎಷ್ಟು ಬಳಗವಿದೆ ಎಂಬುದಕ್ಕೆ ಅದೇ ಅಳತೆ ಎಂದು ಜಂಬದಿಂದ ವಾದಿಸಿದ್ದಳು. “ಡೆನ್ಮಾರ್ಕ್ ಮೂಲದವರು ಅನುಕೂಲಸ್ಥರು, ಆದರೆ ಒಂಟಿಗರು, ಬಲ್ಗೇರಿಯಾ ಮೂಲದವರ ಕೈ ಬಿಗಿ, ಆದರೆ ಬಳಗ ದೊಡ್ಡದು” ಎಂಬ ವಾಕ್ಯ ಅವಳದೇ. ಹಾನ್ನೆಕೆ ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಆ ಒಂದು ವಾಕ್ಯದ ಬಲದ ಮೇಲೆ ಮುಂದಿನ ಎರಡು ವರ್ಷದ ಕೆಲಸ, ಅದರ ಜೊತೆ ಶಿವಕ್ಕನ ಪರ್ಮಿಟ್ಟು ನಿಂತಿದ್ದವು. ಸೋಮವಾರ ವರದಿ ಅಚ್ಚಿಗೆ ಹೋಗುವುದಿತ್ತು.

ಸಂಜೆ ಅಂದಪ್ಪ ಬಂದು ಕೋಟು ತೆಗೆಯುತ್ತಿದ್ದಂತೆ ಎಲ್ಲ ಹೇಳಿದಳು. ಅವನು ಮೊದಲು ಬಿದ್ದು ಬಿದ್ದು ನಕ್ಕ.

“ಕೋಲೆಬಸವ ಆಗಿಬಿಟ್ಟಿ ನೋಡು! ಬಸವಣ್ಣಾ, ಅಮ್ಮಾರಿಗೆ ಒಳ್ಳೇದಾಕ್ಕೈತೇನು ಅಂದ್ರ ಗೋಣು, ಆಗೂದಿಲ್ಲೇನು ಅಂದ್ರೂ ಗೋಣು.”

“ನಗಬ್ಯಾಡ್ರಿ. ಹಾನ್ನೆಕೆಗೆ ಹೇಳಬೇಕಂತ ಮಾಡೇನಿ.”

ಅಂದಪ್ಪನ ನಗು ನಿಂತಿತು. “ಹುಚ್ಚಿ ಏನು? ಹೇಳಿದ್ರ ವರದಿ ನಿಲ್ತೈತಿ, ಡಿಸೆಂಬರಿಗೆ ಪರ್ಮಿಟ್ ಮುಗೀತೈತಿ. ಐದು ವರ್ಷ ಮನ್ಯಾಗ ಕುಂತು ಅತ್ತಿದ್ದು ಮರತ್ಯಾ? ಹದಿನಾಕು ಮಂದಿ ಜಾಸ್ತಿ ಮಾತಾಡಿದ್ರೇನು, ಕಮ್ಮಿ ಮಾತಾಡಿದ್ರೇನು, ಯಾರ ಗಂಟು ಹೋಕ್ಕೈತಿ? ಇದು ಯಾರಿಗೂ ಗೊತ್ತಾಗೂದಿಲ್ಲ.”

“ಅವರು ಮಾತಾಡಾಕ ತಯಾರಿದ್ರು ರೀ. ಬಾಯಿ ಮುಚ್ಚಿಸಿದಾಕಿ ನಾನು. ಮುಚ್ಚಿಸಿ, ಇವರಿಗೆ ಮಾತು ಬ್ಯಾಡಾಗೇತಿ ಅಂತ ಬರದಾಕೀನೂ ನಾನು. ಕುಣಿಯಾಕ ಬರದಾಕಿ ನೆಲ ಡೊಂಕು ಅಂದಂಗಾತು.”

ಅಂದಪ್ಪ ಕೋಟನ್ನು ಗೂಟಕ್ಕೆ ಹಾಕಿದ. ಕೊನೆಗೆ, “ಚಾ ಮಾಡ್ಲಿ?” ಎಂದ. ಅವನು ಹಾಗೆ ಕೇಳುವುದು ವರ್ಷಕ್ಕೊಮ್ಮೆ.

ಶುಕ್ರವಾರ ಹಾನ್ನೆಕೆಯ ಕೋಣೆಯಲ್ಲಿ ಗೋಣಿನ ಕಥೆ ಹೇಳಿ, ಮೂರು ಕ್ಯಾಸೆಟ್ಟು ಹಾಕಿ ಕೇಳಿಸಿದಳು. ಹಾನ್ನೆಕೆ ಮೊದಲು, “ನಿಮ್ಮ ಕುತ್ತಿಗೆಯಿಂದಲಾ?” ಎಂದು ನಗಲು ಹೊರಟು, ಎರಡನೇ ಕ್ಯಾಸೆಟ್ಟಿಗೆ ಕನ್ನಡಕ ತೆಗೆದಿಟ್ಟು, ಮೂರನೆಯದಕ್ಕೆ ಕಿಟಕಿಯ ಕಡೆ ತಿರುಗಿ ಕೂತಳು.

“ಕೋಣೆ, ವರಮಾನ, ಓದು, ಇವು ಸರಿ ಇವೆ. ಬಳಗದ ಭಾಗ ಮಾತ್ರ ಸುಳ್ಳು,” ಎಂದಳು ಶಿವಕ್ಕ. “ಡೆನ್ಮಾರ್ಕಿನ ಹದಿನಾಲ್ಕು ಮನೆಗೂ ಮತ್ತೆ ಹೋಗಬೇಕು.”

“ಆ ಭಾಗ ಇಲ್ಲದಿದ್ದರೆ ವರದಿಯಲ್ಲಿ ಉಳಿಯುವುದೇನು? ಶ್ರೀಮಂತರ ಹತ್ತಿರ ಹೆಚ್ಚು ಕೋಣೆ ಇವೆ ಅನ್ನುವುದಾ?” ಹಾನ್ನೆಕೆ ನಿಟ್ಟುಸಿರುಬಿಟ್ಟಳು. ಈ ದೇಶದವರು ಮುಖದ ಮೇಲೆ ಹೊಡೆದ ಹಾಗೆ ಹೇಳುವುದರಲ್ಲಿ ಎತ್ತಿದ ಕೈ. ಅವಳೂ ಹಾಗೇ ಹೇಳಿದಳು. “ಈ ತಿಂಗಳು ವರದಿ ಹೋಗದಿದ್ದರೆ ಮುಂದಿನ ಹಂತಕ್ಕೆ ಹಣ ಬರುವುದಿಲ್ಲ. ನಿಮ್ಮ ಪರ್ಮಿಟ್ ಡಿಸೆಂಬರ್ ಮೂವತ್ತೊಂದರವರೆಗೆ. ಅಲ್ಲಿಯವರೆಗೆ ನೀವು ಹದಿನಾಲ್ಕು ಮನೆಗೆ ಹೋಗಬಹುದು. ಆಮೇಲಿನದಕ್ಕೆ ನಾನು ಸುಳ್ಳು ಭರವಸೆ ಕೊಡಲಾರೆ. ಇದು ಗೊತ್ತಿದ್ದೂ ಹೇಳಿದಿರಾ?”

ಶಿವಕ್ಕನ ಗೋಣು ಆಡಿತು. ಇಬ್ಬರೂ ಅದನ್ನೇ ನೋಡಿದರು.

“ಇದು ಹೌದಾ?” ಎಂದಳು ಹಾನ್ನೆಕೆ.

“ಹೌದು,” ಎಂದಳು ಶಿವಕ್ಕ, ಬಾಯಿಬಿಟ್ಟು.

ಮಂಗಳವಾರ ಬೆಳಿಗ್ಗೆ ಟ್ರ್ಯಾಮ್ ಇಳಿದು ಯೆಪ್ಪೆಸೆನ್ನರ ಬಾಗಿಲ ಗಂಟೆ ಒತ್ತಿದಳು. ಫೋನಿನಲ್ಲಿ ಕಾರಣ ಹೇಳಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಮುದುಕರು ಸಭ್ಯವಾಗಿ ಕೋಟು ಇಸಿದುಕೊಂಡರು, ಕಾಫಿ ಕೊಟ್ಟರು. ಎದುರಿನ ಕುರ್ಚಿಯಲ್ಲಿ ಪರೀಕ್ಷೆಗೆ ಕೂತ ಹಾಗೆ ಕೂತರು.

“ಏನಾದರೂ ತಪ್ಪು ಸಿಕ್ಕಿತಾ ನನ್ನ ಉತ್ತರದಲ್ಲಿ?”

“ತಪ್ಪು ನನ್ನದು,” ಎಂದು ಶಿವಕ್ಕ ಶುರುಮಾಡಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಆ ಹೊತ್ತಿಗೆ ಕೈಕೊಟ್ಟವು. “ನಮ್ಮೂರಲ್ಲಿ ಯಾರಾದರೂ ಮಾತಾಡುತ್ತಿದ್ದರೆ, ಕೇಳುತ್ತಿದ್ದೇನೆ, ಚೆನ್ನಾಗಿದೆ, ಮುಂದೆ ಹೇಳಿ ಅನ್ನುವುದಕ್ಕೆ ಹೀಗೆ ಮಾಡುತ್ತೇವೆ.” ಮಾಡಿ ತೋರಿಸಿದಳು. “ನೀವು ನಿಮ್ಮ ಅಜ್ಜನ ವಿಷಯ ಹೇಳುವಾಗ ನಾನು ಇದನ್ನೇ ಮಾಡಿರಬೇಕು. ಆ ಮಾತು ನನಗೆ ತುಂಬ ಹಿಡಿಸಿತ್ತು, ಅದಕ್ಕೆ.”

ಯೆಪ್ಪೆಸೆನ್ ಕಾಫಿ ಕಪ್ಪನ್ನು ಕೆಳಗಿಟ್ಟರು. “ಹಿಡಿಸಿತ್ತು?”

“ತುಂಬ.”

“ನೀವು ನಂಬಲಿಲ್ಲ ಅಂದುಕೊಂಡೆ,” ಎಂದರು ಮುದುಕರು. ಅವರ ದನಿ ಸಣ್ಣದಾಗಿತ್ತು. “ನನ್ನ ಅಣ್ಣ ಸಾಯುವವರೆಗೂ ಹೇಳುತ್ತಿದ್ದ, ಅಜ್ಜ ನಡೆದು ಬಂದದ್ದು, ಕೂಲಿ ಮಾಡಿದ್ದು ಎಲ್ಲ ಕಟ್ಟುಕಥೆ, ನಮ್ಮದು ಮೊದಲಿಂದ ಒಳ್ಳೆಯ ಮನೆತನ ಅಂತ. ನೀವು ಓದಿದವರು, ಇದನ್ನೇ ಅಭ್ಯಾಸ ಮಾಡುವವರು. ನೀವೂ ತಲೆ ಆಡಿಸಿದಿರಿ. ಹಾಗಾದರೆ ಅಣ್ಣನೇ ಸರಿ ಅಂತ ಮೂರು ತಿಂಗಳಿಂದ...”

ಶಿವಕ್ಕನಿಗೆ ಕಣ್ಣು ತುಂಬಿ ಬಂತು. ಎರಡೂ ಕೈಯಿಂದ ಗಲ್ಲ ಹಿಡಿದುಕೊಂಡು, ಗೋಣು ಅಲುಗದ ಹಾಗೆ ಬಿಗಿಯಾಗಿ ಕೂತಳು.

“ಹಾಗೆ ಕೂರಬೇಡಿ ಮಾರಾಯರೇ, ಗೋಡೆಯ ಜೊತೆ ಮಾತಾಡಿದ ಹಾಗಾಗುತ್ತದೆ,” ಎಂದು ಯೆಪ್ಪೆಸೆನ್ ಎದ್ದರು. ಕಪಾಟಿನಿಂದ ಹಸಿರು ಆಲ್ಬಮ್ ತಂದು ಈ ಸಲ ಅವಳ ಪಕ್ಕದಲ್ಲೇ ಕೂತರು. “ಎಷ್ಟು ಹೊತ್ತು ಇರುತ್ತದೆ ನಿಮ್ಮ ಕ್ಯಾಸೆಟ್ಟು?”

“ತೊಂಬತ್ತು ನಿಮಿಷ. ಇನ್ನೂ ಮೂರು ತಂದಿದ್ದೇನೆ.”

ಮೊದಲ ಹಾಳೆಯಲ್ಲಿ ಒಂದೇ ಫೋಟೋ ಇತ್ತು, ಕಂದಿದ್ದು. ಕೊಟ್ಟಿಗೆಯ ಮುಂದೆ ಆರು ಮಂದಿ ಹಾಲು ಕರೆಯುವವರು, ಎಲ್ಲರ ಕೈಯಲ್ಲೂ ಬಕೆಟ್ಟು. ಐದು ಮುಖ ಸ್ಪಷ್ಟವಾಗಿದ್ದವು, ಮೀಸೆಯ ಕೂದಲು ಎಣಿಸುವಷ್ಟು. ತುದಿಯಲ್ಲಿ ನಿಂತಿದ್ದವನಿಗೆ ಮಾತ್ರ ಮುಖವಿರಲಿಲ್ಲ. ಕೊರಳಿನ ಮೇಲೆ ಎಡದಿಂದ ಬಲಕ್ಕೆ ಎಳೆದಂತೆ ಒಂದು ಬಿಳಿ ಮಸುಕು.

“ಇವನೇ ಅಜ್ಜ. ಇರುವುದು ಇದೊಂದೇ ಫೋಟೋ. ಆಗಿನ ಕ್ಯಾಮೆರಾ ಮುಂದೆ ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತು. ಇವನು ತಲೆ ಆಡಿಸಿಬಿಟ್ಟಿದ್ದಾನೆ.” ಯೆಪ್ಪೆಸೆನ್ ಬೆರಳಿನಿಂದ ಆ ಮಸುಕನ್ನು ಮುಟ್ಟಿದರು. “ಏನು ಹೇಳುತ್ತಿದ್ದಾನೆ ಅನ್ನುತ್ತೀರಿ?”

ಶಿವಕ್ಕ ಆಲ್ಬಮ್ಮನ್ನು ತನ್ನ ಕಡೆ ಎಳೆದುಕೊಂಡಳು. ಫೋಟೋದ ಮೇಲೆ ಬಾಗಿ ನೋಡುತ್ತಿದ್ದವಳ ಗೋಣು ತನ್ನ ಪಾಡಿಗೆ ತಾನು ಮೆಲ್ಲಗೆ ಆಡುತ್ತಿತ್ತು. ಯೆಪ್ಪೆಸೆನ್ ಅದನ್ನೊಮ್ಮೆ ನೋಡಿ, ಹಾಳೆ ತಿರುವಿದರು.